ನೆಬ್ರಾಸ್ಕಾ ಫುಟ್‌ಬಾಲ್ ಕೋಚ್ ಸ್ಕಾಟ್ ಫ್ರಾಸ್ಟ್ ಅವರನ್ನು ಇವತ್ತೇ ಕಳಿಸಬೇಕಾ, ಅಕ್ಟೋಬರ್ 1ರವರೆಗೆ ಕಾಯಬೇಕಾ?

ಜೋಳದಹೊಲ (ಲಿಂಕನ್) · ಶನಿವಾರ, 10 ಸೆಪ್ಟೆಂಬರ್ 2022, ರಾತ್ರಿ 11:15

ನೆಬ್ರಾಸ್ಕಾ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಆಟ ನೋಡಿ ಈಗಷ್ಟೇ ಮೆಮೋರಿಯಲ್ ಸ್ಟೇಡಿಯಂನಿಂದ ನಡೆದುಕೊಂಡು ಮನೆಗೆ ಬಂದೆ. ಇನ್ನೂ ಶೂ ಬಿಚ್ಚಿಲ್ಲ. ಮಲಗಿದರೂ ನಿದ್ದೆ ಬರಲ್ಲ ಅಂತ ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಜಾರ್ಜಿಯಾ ಸದರ್ನ್ 45, ನೆಬ್ರಾಸ್ಕಾ 42.

ಕೊನೆಯ ಹೊತ್ತಿನಲ್ಲಿ ನಾವೇ ಮುಂದಿದ್ದೆವು. ಇನ್ನು 36 ಸೆಕೆಂಡ್ ಇದೆ ಅನ್ನುವಾಗ ಅವರ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವ ಕೈಲ್ ವಾಂಟ್ರೀಸ್, ತಾನೇ ಚೆಂಡು ಹಿಡಿದು 8 ಗಜ ಓಡಿ ಕೊನೆಯ ಗೆರೆ ದಾಟಿ ಟಚ್‌ಡೌನ್ ಮಾಡಿದರು. ನಮಗೆ ಉಳಿದದ್ದು 52 ಗಜ ದೂರದಿಂದ ಚೆಂಡನ್ನು ಕಂಬಗಳ ನಡುವೆ ಒದೆಯುವ ಒಂದು ಫೀಲ್ಡ್ ಗೋಲ್. ಅದೂ ಗುರಿ ತಪ್ಪಿತು. ನಮ್ಮ ಡಿಫೆನ್ಸ್ ಬಿಟ್ಟುಕೊಟ್ಟದ್ದು 642 ಗಜ. ಈ ಮೈದಾನದಲ್ಲಿ ನೆಬ್ರಾಸ್ಕಾ 35 ಅಥವಾ ಅದಕ್ಕಿಂತ ಜಾಸ್ತಿ ಅಂಕ ಹೊಡೆದ ಪಂದ್ಯಗಳು ಇವತ್ತಿನವರೆಗೆ 214. ಒಂದನ್ನೂ ಸೋತಿರಲಿಲ್ಲ. ಇವತ್ತು ಸೋತೆವು. ಬಂದು ಆಡಿ ಹೋಗಲಿ ಅಂತ ನಾವೇ 14 ಲಕ್ಷ ಡಾಲರಿಗೂ ಹೆಚ್ಚು ಹಣ ಕೊಟ್ಟು ಕರೆಸಿದ ತಂಡ ಅದು.

ನನ್ನ ಮುಂದಿನ ಸಾಲಿನಲ್ಲಿ ಪ್ರತಿ ವರ್ಷ ಒಬ್ಬ ರೈತರು ಕೂರುತ್ತಾರೆ. ಎರಡು ತಾಸು ಕಾರು ಓಡಿಸಿಕೊಂಡು ಬರುತ್ತಾರೆ. ಎಪ್ಪತ್ತು ದಾಟಿರಬೇಕು. ಫೀಲ್ಡ್ ಗೋಲ್ ತಪ್ಪಿದ ಮೇಲೆ ಅವರು ಟೋಪಿ ತೆಗೆದು ಮಂಡಿಯ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತರು. ಜಾರ್ಜಿಯಾ ಸದರ್ನ್ ಹುಡುಗರು ಒಳಗೆ ಹೋಗುವಾಗ ಮಾತ್ರ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎದುರಾಳಿಗೆ ಚಪ್ಪಾಳೆ ತಟ್ಟಿ ಕಳಿಸುವುದು ಇಲ್ಲಿನ ವಾಡಿಕೆ. ಆಮೇಲೆ ನನ್ನ ಕಡೆ ತಿರುಗಿ, ಇದು ಸಾಕು ಕಣಪ್ಪ ಅನ್ನುವ ಹಾಗೆ ತಲೆ ಆಡಿಸಿದರು. ಐದು ವರ್ಷದಲ್ಲಿ ಅವರು ಸ್ಕಾಟ್ ಫ್ರಾಸ್ಟ್ ವಿರುದ್ಧ ಒಂದು ಮಾತು ಆಡಿದವರಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಫ್ರಾಸ್ಟ್ ಅವರನ್ನು ಕಳಿಸಬೇಕು. ಅಕ್ಟೋಬರ್ 1ಕ್ಕೆ ಅಲ್ಲ, ಈಗಲೇ. ನಿಮಗೆ ಏನನ್ನಿಸುತ್ತದೆ?

ಹೊಸಬ (ಒಮಾಹಾ) · ರಾತ್ರಿ 11:24

ನಾನು ಹೋದ ವರ್ಷವಷ್ಟೇ ಇಲ್ಲಿಗೆ ಬಂದವನು. ಆಫೀಸಿನಲ್ಲಿ ಎಲ್ಲರೂ ಅಕ್ಟೋಬರ್ 1, ಅಕ್ಟೋಬರ್ 1 ಅನ್ನುತ್ತಾರೆ. ಏನದು? ಕಾಲೇಜು ತಂಡದ ಕೋಚ್ ಬಗ್ಗೆ ಇಡೀ ರಾಜ್ಯ ಯಾಕೆ ಇಷ್ಟು ತಲೆಕೆಡಿಸಿಕೊಳ್ಳುತ್ತದೆ ಅನ್ನುವುದೂ ನನಗೆ ಇನ್ನೂ ಪೂರ್ತಿ ಅರ್ಥ ಆಗಿಲ್ಲ.

ಲೆಕ್ಕದವನು (ಡೆನ್ವರ್) · ರಾತ್ರಿ 11:38

ಹೊಸಬ ಅವರೇ, ಎರಡನೇ ಪ್ರಶ್ನೆಗೆ ಮೊದಲು ಉತ್ತರ. ನೆಬ್ರಾಸ್ಕಾದಲ್ಲಿ ಜನಸಂಖ್ಯೆ 20 ಲಕ್ಷದ ಹತ್ತಿರ. ಇಲ್ಲಿ ವೃತ್ತಿಪರ ಫುಟ್‌ಬಾಲಿನ ಎನ್‌ಎಫ್‌ಎಲ್ ತಂಡ ಇಲ್ಲ, ಬಾಸ್ಕೆಟ್‌ಬಾಲಿನ ಎನ್‌ಬಿಎ ತಂಡ ಇಲ್ಲ. ಇರುವುದು ಈ ಕೆಂಪು ಅಂಗಿಯ ಹುಡುಗರು. 1962ರಿಂದ ಇವತ್ತಿನವರೆಗೆ ಸ್ಟೇಡಿಯಂನಲ್ಲಿ ಒಂದು ಪಂದ್ಯದ ಟಿಕೆಟ್ಟೂ ಮಿಕ್ಕಿಲ್ಲ. ಆಟದ ದಿನ ಆ ಒಂದು ಕಟ್ಟಡವೇ ರಾಜ್ಯದ ಮೂರನೇ ದೊಡ್ಡ ಊರಾಗುತ್ತದೆ ಅಂತ ಜನ ಹೇಳುತ್ತಾರೆ. ಅದು ಸುಳ್ಳೂ ಅಲ್ಲ.

ಇನ್ನು ಅಕ್ಟೋಬರ್ 1. ಕೋಚ್‌ಗಳ ಒಪ್ಪಂದದಲ್ಲಿ ಬೈಔಟ್ ಅಂತ ಇರುತ್ತದೆ. ಅವಧಿ ಮುಗಿಯುವ ಮೊದಲೇ ತೆಗೆದರೆ ಕೊಡಬೇಕಾದ ಪರಿಹಾರ ಅದು. ಫ್ರಾಸ್ಟ್ ಅವರನ್ನು ಇವತ್ತು ತೆಗೆದರೆ 1.5 ಕೋಟಿ ಡಾಲರ್. ಅಕ್ಟೋಬರ್ 1 ಆದಮೇಲೆ ಅದು ಅರ್ಧ, ಅಂದರೆ 75 ಲಕ್ಷ ಡಾಲರ್. ರೂಪಾಯಿ ಲೆಕ್ಕದಲ್ಲಿ ಸುಮಾರು 60 ಕೋಟಿ ಉಳಿತಾಯ.

ಕ್ಯಾಲೆಂಡರ್ ನೋಡಿ. 17ಕ್ಕೆ ಒಕ್ಲಹೋಮಾ. 24ಕ್ಕೆ ಆಟ ಇಲ್ಲ. ಆಮೇಲಿನದು ಅಕ್ಟೋಬರ್ 1ಕ್ಕೇ, ಇಂಡಿಯಾನಾ ಜೊತೆ. ಅಂದರೆ ನಡುವೆ ಇರುವುದು ಒಂದೇ ಪಂದ್ಯ. ಒಂದು ಪಂದ್ಯಕ್ಕೋಸ್ಕರ 60 ಕೋಟಿ ಸುರಿಯುವುದು ಬುದ್ಧಿವಂತಿಕೆನಾ? ಫ್ರಾಸ್ಟ್ ಹೋಗಬೇಕು ಅನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಮೂರು ವಾರ ಕಾಯಿರಿ.

ಕೆಂಪು ಸ್ವೆಟರ್ (ಲಿಂಕನ್) · ರಾತ್ರಿ 11:57

ನಾನು 1993ರಲ್ಲಿ ಇಲ್ಲಿಗೆ ಬಂದೆ. ಕೋಚ್ ಟಾಮ್ ಆಸ್ಬರ್ನ್ ಅವರ ಕಾಲ ನೋಡಿದ್ದೇನೆ. 25 ವರ್ಷ, 255 ಗೆಲುವು, 49 ಸೋಲು, 3 ಸಮ. 1994, 1995, 1997 ಮೂರೂ ಚಾಂಪಿಯನ್‌ಶಿಪ್‌ಗಳನ್ನು ನೋಡಿದ್ದೇನೆ. ಹಾಗಾಗಿ ನಾನು ಹೇಳುವುದು ಸ್ವಲ್ಪ ಉದ್ದ ಆಗುತ್ತದೆ. ತಾಳ್ಮೆಯಿಂದ ಓದಿ.

1997ರ ಸೆಪ್ಟೆಂಬರ್. ಇದೇ ತಿಂಗಳು, ಇದೇ ಮೈದಾನ. ಎದುರಾಳಿ ಸೆಂಟ್ರಲ್ ಫ್ಲೋರಿಡಾ. ನಮ್ಮ ಕ್ವಾರ್ಟರ್‌ಬ್ಯಾಕ್ ಆಟ ಜನಕ್ಕೆ ಹಿಡಿಸಲಿಲ್ಲ. ಸ್ಟ್ಯಾನ್‌ಫರ್ಡ್ ಬಿಟ್ಟು ವಾಪಸ್ ಬಂದ ಹುಡುಗ ಅಂತ ಮೊದಲೇ ಕೆಲವರಿಗೆ ಸಿಟ್ಟಿತ್ತು. ಅವತ್ತು ಅವನು ಮತ್ತೆ ಮೈದಾನಕ್ಕೆ ಇಳಿದಾಗ ನಮ್ಮ ಜನವೇ ಬೂ ಅಂದರು. ನಮ್ಮ ಮನೆಯಂಗಳದಲ್ಲಿ, ನಮ್ಮದೇ ಹುಡುಗನಿಗೆ. ಆ ಹುಡುಗನೇ ಸ್ಕಾಟ್ ಫ್ರಾಸ್ಟ್. ಹುಟ್ಟಿದ್ದು ಲಿಂಕನ್‌ನಲ್ಲಿ, ಬೆಳೆದದ್ದು ವುಡ್ ರಿವರ್ ಅನ್ನುವ ಸಣ್ಣ ಊರಿನಲ್ಲಿ. ಅಪ್ಪ ಅಮ್ಮ ಇಬ್ಬರೂ ಕೋಚ್‌ಗಳು. ಅಮ್ಮ 1968ರ ಒಲಿಂಪಿಕ್ಸ್‌ನಲ್ಲಿ ಡಿಸ್ಕಸ್ ಎಸೆದವರು.

ಆ ವರ್ಷ ಏನಾಯಿತು? 13-0. ನವೆಂಬರ್‌ನಲ್ಲಿ ಮಿಸೂರಿ ವಿರುದ್ಧ ಎಲ್ಲಾ ಮುಗಿಯಿತು ಅನ್ನುವಾಗ ಫ್ರಾಸ್ಟ್ ಎಸೆದ ಚೆಂಡು ಒಬ್ಬನ ಕೈಯಿಂದ ಜಾರಿ, ಅವನ ಕಾಲಿಗೆ ತಾಗಿ ಮೇಲಕ್ಕೆ ಹಾರಿ, ನೆಲ ಮುಟ್ಟುವ ಮೊದಲು ಮ್ಯಾಟ್ ಡೇವಿಸನ್ ಕೈ ಸೇರಿತು. ಆಮೇಲೆ ಓವರ್‌ಟೈಮ್‌ನಲ್ಲಿ 45-38. ನಾವು ಆರು ಜನ ಒಂದು ಬೇಸ್‌ಮೆಂಟ್ ಕೋಣೆಯಲ್ಲಿ ಟಿವಿ ಮುಂದೆ ಕೂತಿದ್ದೆವು. ಚೆಂಡು ಗಾಳಿಯಲ್ಲಿ ಇದ್ದಾಗ ಕೈಯಲ್ಲಿದ್ದ ಅನ್ನದ ತಟ್ಟೆ ಕೆಳಗೆ ಬಿದ್ದದ್ದೂ ನನಗೆ ಗೊತ್ತಾಗಲಿಲ್ಲ.

ಮೂರನೇ ಆಟಕ್ಕೇ ಒಬ್ಬರನ್ನು ತೀರ್ಮಾನ ಮಾಡಬಾರದು ಅಂತ ನಾನು ಕಲಿತದ್ದು ಈ ಮನುಷ್ಯನಿಂದಲೇ.

ಇನ್ನೊಂದು. 2003ರಲ್ಲಿ ಕೋಚ್ ಫ್ರಾಂಕ್ ಸೋಲಿಚ್ ಅವರನ್ನು ತೆಗೆದರು. ಆ ವರ್ಷ 9 ಗೆದ್ದು 3 ಸೋತಿದ್ದರು. ಒಟ್ಟು ದಾಖಲೆ 58-19. ತಂಡ ಸಾಧಾರಣ ಮಟ್ಟಕ್ಕೆ ಇಳಿಯಲು ಬಿಡುವುದಿಲ್ಲ ಅಂತ ಆಗಿನ ಅಥ್ಲೆಟಿಕ್ ಡೈರೆಕ್ಟರ್, ಅಂದರೆ ವಿಶ್ವವಿದ್ಯಾಲಯದ ಕ್ರೀಡಾ ಮುಖ್ಯಸ್ಥರು, ಹೇಳಿದರು. ಹೊಸ ಕೋಚ್ ಹುಡುಕಲು ಒಂದು ತಿಂಗಳಿಗೂ ಜಾಸ್ತಿ ಹಿಡಿಯಿತು. ಬಂದ ಬಿಲ್ ಕ್ಯಾಲಹನ್ ಮೊದಲ ವರ್ಷವೇ 5-6. 1961ರ ನಂತರ ಗೆಲುವಿಗಿಂತ ಸೋಲು ಹೆಚ್ಚಾದ ಮೊದಲ ವರ್ಷ ಅದು. ಸೋಲಿಚ್ ಒಹಾಯೋ ಯೂನಿವರ್ಸಿಟಿಗೆ ಹೋಗಿ ಅಲ್ಲಿ 16 ವರ್ಷ ಗೌರವದಿಂದ ಕೆಲಸ ಮಾಡಿದರು. 2014ರಲ್ಲಿ ಬೊ ಪೆಲಿನಿ. ಏಳು ವರ್ಷವೂ ಕನಿಷ್ಠ 9 ಗೆಲುವು. ಅವರನ್ನೂ ಕಳಿಸಿದೆವು. ಆಮೇಲೆ ಮೈಕ್ ರೈಲಿ, 19-19.

ಪ್ರತಿ ಸಲ ಸಿಟ್ಟಿನಲ್ಲಿ ಕೊಯ್ದೆವು. ಪ್ರತಿ ಸಲ ಬೆಳೆ ಇನ್ನೂ ಕಡಿಮೆ ಬಂತು. ಈ ಸಲವಾದರೂ ವರ್ಷ ಮುಗಿಯಲಿ ಅನ್ನುತ್ತೇನೆ.

ಮಲ್ಲೇಶ್ವರದ ಬೆಳಗು (ಬೆಂಗಳೂರು) · ರಾತ್ರಿ 12:09

ನನಗಿಲ್ಲಿ ಭಾನುವಾರ ಬೆಳಗ್ಗೆ. ಜಾವದಲ್ಲೇ ಎದ್ದು ಮನೆಯವರಿಗೆ ಎಚ್ಚರ ಆಗದ ಹಾಗೆ ಲ್ಯಾಪ್‌ಟಾಪ್ ಸೌಂಡ್ ಕಡಿಮೆ ಮಾಡಿಕೊಂಡು ನೋಡಿದೆ. ಲಿಂಕನ್ ಬಿಟ್ಟು 11 ವರ್ಷ ಆಯಿತು. ಆದರೂ ಸೆಪ್ಟೆಂಬರ್ ಬಂದರೆ ಅಲಾರಾಂ ತಾನಾಗಿ ಬದಲಾಗುತ್ತದೆ.

ಕೆಂಪು ಸ್ವೆಟರ್ ಅವರ ಮಾತು ಓದಿ ಗಂಟಲು ಕಟ್ಟಿತು. ಒಂದು ಮಾತ್ರ ಹೇಳಬೇಕು ಅನ್ನಿಸುತ್ತದೆ. ಸೋಲಿಚ್ ಮತ್ತು ಪೆಲಿನಿ ಗೆಲ್ಲುತ್ತಿದ್ದವರು. ಇಲ್ಲಿ ಆ ಹೋಲಿಕೆ ಕೂರುವುದಿಲ್ಲ.

ಲೆಕ್ಕದವನು · ರಾತ್ರಿ 12:20

ಹೌದು, ಅಲ್ಲೇ ಇರುವುದು ವಿಷಯ. ವರ್ಷದಿಂದ ವರ್ಷಕ್ಕೆ ನೋಡಿ: 2018ರಲ್ಲಿ 4-8, 2019ರಲ್ಲಿ 5-7, 2020ರಲ್ಲಿ 3-5, 2021ರಲ್ಲಿ 3-9, ಈಗ 1-2. ಒಟ್ಟು 16 ಗೆಲುವು, 31 ಸೋಲು. ನಮ್ಮ ಲೀಗ್ ಆದ ಬಿಗ್ ಟೆನ್ ಒಳಗೆ 10-26. ಆರು ಗೆದ್ದ ತಂಡಗಳು ವರ್ಷದ ಕೊನೆಗೆ ಆಡುವ ಬೌಲ್ ಆಟಕ್ಕೆ ಒಂದು ವರ್ಷವೂ ಹೋಗಿಲ್ಲ.

ನನಗೆ ಜಾಸ್ತಿ ಚುಚ್ಚುವುದು ಬೇರೆ ಅಂಕಿ. ಒಂದೇ ಟಚ್‌ಡೌನ್ ಅಂತರದಲ್ಲಿ, ಅಂದರೆ 8 ಅಂಕದೊಳಗೆ ಮುಗಿದ ಆಟಗಳಲ್ಲಿ 5-22. ಹೋದ ವರ್ಷ 9 ಸೋಲಿನಲ್ಲಿ ಒಂದೂ 9 ಅಂಕಕ್ಕಿಂತ ಹೆಚ್ಚಿನ ಅಂತರದ್ದಲ್ಲ. ವರ್ಷಪೂರ್ತಿ ಲೆಕ್ಕ ಹಾಕಿದರೆ ನಾವು ಎದುರಾಳಿಗಳಿಗಿಂತ 63 ಅಂಕ ಜಾಸ್ತಿ ಹೊಡೆದಿದ್ದೆವು. ಆದರೂ 3-9. ಪ್ರತಿ ಶನಿವಾರ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಒಂದೆರಡು ಸಲ ಆದರೆ ದುರದೃಷ್ಟ ಅನ್ನಬಹುದು. 22 ಸಲ ಆದರೆ ಅದು ಕೋಚಿಂಗ್.

ಈ ವರ್ಷದವಳು (ಲಿಂಕನ್) · ರಾತ್ರಿ 12:31

ನಾನು ಇಲ್ಲಿ ಎಂಎಸ್ ಮಾಡುತ್ತಿದ್ದೇನೆ. ಸ್ಟೂಡೆಂಟ್ ಸೆಕ್ಷನ್‌ನಲ್ಲಿ ಇದ್ದೆ. ನನಗೆ ಆಸ್ಬರ್ನ್ ಅವರ ಕಾಲ ಗೊತ್ತಿಲ್ಲ. ನಮ್ಮ ಬ್ಯಾಚಿನವರು ಯಾರೂ ಇಲ್ಲಿ ಒಂದು ಒಳ್ಳೆಯ ವರ್ಷ ನೋಡಿಲ್ಲ. ನಮ್ಮ ಸೀನಿಯರ್‌ಗಳೂ ನೋಡಿಲ್ಲ. ಮೊದಲ ಟಚ್‌ಡೌನ್ ಆದಾಗ ಸಾವಿರಾರು ಕೆಂಪು ಬಲೂನು ಹಾರಿಸುತ್ತಿದ್ದರಂತೆ. ಹೀಲಿಯಂ ಅಭಾವ ಅಂತ ಈ ವರ್ಷ ಅದೂ ಇಲ್ಲ. ನಾನು ಆ ಬಲೂನುಗಳನ್ನು ಫೋಟೋದಲ್ಲಿ ಮಾತ್ರ ನೋಡಿದ್ದೇನೆ.

ಇವತ್ತು ನಾನು ಕಂಡದ್ದು ಹೇಳುತ್ತೇನೆ. ಆಟ ಮುಗಿದ ಮೇಲೆ ನಮ್ಮ ತಂಡ ಟನಲ್ ಕಡೆ ಬರುತ್ತಿತ್ತು. ಒಬ್ಬ ಆಟಗಾರ ಹೆಲ್ಮೆಟ್ ತೆಗೆಯಲೇ ಇಲ್ಲ. ಮುಖ ಕಾಣಬಾರದು ಅಂತ ತಲೆ ತಗ್ಗಿಸಿಕೊಂಡು ಹೋದ. ಹತ್ತೊಂಬತ್ತು ಇಪ್ಪತ್ತು ವರ್ಷದ ಹುಡುಗ. ನನ್ನ ತಮ್ಮನ ವಯಸ್ಸು. ಮೇಲಿನಿಂದ ಜನ ಕೂಗುತ್ತಿದ್ದದ್ದು ಕೋಚ್‌ಗೆ. ಕೇಳಿಸಿಕೊಂಡದ್ದು ಈ ಹುಡುಗರು.

ಇನ್ನು ಮೂರು ವಾರ ಇದನ್ನೇ ಮುಂದುವರಿಸಬೇಕಾ? 60 ಕೋಟಿ ಉಳಿಯುತ್ತದೆ ಅಂತನಾ?

ಕೊಲಂಬಸ್ ಕನ್ನಡತಿ (ಒಹಾಯೋ) · ರಾತ್ರಿ 12:44

ನಾನು ಒಹಾಯೋ ಸ್ಟೇಟ್ ಕಡೆಯವಳು. ಹೊರಗಿನವಳ ಮಾತು ಅಂತ ಬೇಜಾರು ಮಾಡಿಕೊಳ್ಳಬೇಡಿ. ಇವತ್ತು ಒಂದೇ ದಿನ ಮಾರ್ಷಲ್ ತಂಡ ನೋಟ್ರ್‌ಡೇಮ್‌ಗೆ ಹೋಗಿ 26-21 ಗೆದ್ದಿತು. ಅಪಲಾಚಿಯನ್ ಸ್ಟೇಟ್ ಟೆಕ್ಸಾಸ್ ಎ ಅಂಡ್ ಎಂ ತಂಡವನ್ನು ಅವರ ಮನೆಯಲ್ಲೇ 17-14ರಿಂದ ಸೋಲಿಸಿತು. ಜಾರ್ಜಿಯಾ ಸದರ್ನ್ ಸೇರಿ ಮೂರೂ ಸನ್ ಬೆಲ್ಟ್ ಅನ್ನುವ ಸಣ್ಣ ಲೀಗಿನ ತಂಡಗಳೇ. ಸಣ್ಣ ತಂಡಗಳು ಈಗ ಸಣ್ಣವಲ್ಲ. ಆಟಗಾರರು ಕಾಲೇಜು ಬದಲಿಸುವ ಟ್ರಾನ್ಸ್‌ಫರ್ ನಿಯಮ ಸಡಿಲ ಆದಮೇಲೆ ಅನುಭವ ಇರುವ ಕ್ವಾರ್ಟರ್‌ಬ್ಯಾಕ್ ಯಾರಿಗೆ ಬೇಕಾದರೂ ಸಿಗುತ್ತಾನೆ. ವಾಂಟ್ರೀಸ್ ಕೂಡ ಬಫಲೋದಿಂದ ಬಂದವರು.

ಮತ್ತೆ ನಿಮ್ಮ ತೊಂದರೆ ಇವತ್ತು ಡಿಫೆನ್ಸ್. ಡಿಫೆನ್ಸ್ ಕೋಚ್ ಎರಿಕ್ ಚಿನಾಂಡರ್ ಅವರನ್ನು ಬದಲಿಸಿ ನೋಡಬಹುದಲ್ಲ? ನೆಬ್ರಾಸ್ಕಾ 1990ರ ದಶಕದ ಕನ್ನಡಿ ಇಟ್ಟುಕೊಂಡು ಪ್ರತಿ ಕೋಚ್‌ನ ಮುಖ ನೋಡುತ್ತದೆ ಅಂತ ನನಗೆ ಅನ್ನಿಸುತ್ತದೆ. ಆ ಕನ್ನಡಿಯಲ್ಲಿ ಯಾರು ಚೆನ್ನಾಗಿ ಕಾಣುತ್ತಾರೆ?

ಜೋಳದಹೊಲ · ರಾತ್ರಿ 1:10

ಕೊಲಂಬಸ್ ಅವರೇ, ಬೇಜಾರಿಲ್ಲ. ಕನ್ನಡಿಯ ಮಾತು ನಿಜ. ಆದರೆ ಇವತ್ತು ನಾವು ಕೇಳುತ್ತಿರುವುದು ಚಾಂಪಿಯನ್‌ಶಿಪ್ ಅಲ್ಲ. ಆರು ಗೆಲುವು, ಒಂದು ಬೌಲ್ ಆಟ. ಅಷ್ಟೇ.

ಚಿನಾಂಡರ್ ಒಬ್ಬರನ್ನು ತೆಗೆದರೆ ಆಗಲ್ಲ. ಹೋದ ನವೆಂಬರ್‌ನಲ್ಲಿ ಇದೇ ಮದ್ದು ಕೊಟ್ಟು ನೋಡಿಯಾಗಿದೆ. ಅಥ್ಲೆಟಿಕ್ ಡೈರೆಕ್ಟರ್ ಟ್ರೆವ್ ಆಲ್ಬರ್ಟ್ಸ್ ಫ್ರಾಸ್ಟ್‌ಗೆ ಇನ್ನೊಂದು ವರ್ಷ ಕೊಟ್ಟರು. ಸಂಬಳ 50 ಲಕ್ಷ ಡಾಲರಿನಿಂದ 40 ಲಕ್ಷಕ್ಕೆ ಇಳಿಯಿತು. ಅಫೆನ್ಸ್, ಅಂದರೆ ಅಂಕ ಗಳಿಸುವ ಕಡೆಯ ನಾಲ್ಕು ಸಹಾಯಕ ಕೋಚ್‌ಗಳು ಒಂದೇ ದಿನ ಮನೆಗೆ ಹೋದರು. ಪಿಟ್ಸ್‌ಬರ್ಗ್‌ನಿಂದ ಅಫೆನ್ಸ್ ಕೋಚ್ ಮಾರ್ಕ್ ವಿಪಲ್ ಬಂದರು, ಟೆಕ್ಸಾಸ್‌ನಿಂದ ಕ್ವಾರ್ಟರ್‌ಬ್ಯಾಕ್ ಕೇಸಿ ಥಾಂಪ್ಸನ್ ಬಂದರು. ಇವತ್ತು 42 ಅಂಕವೂ ಬಂತು. ಆದರೂ ಸೋತೆವು. ಮೊದಲು ಅಫೆನ್ಸ್ ರಿಪೇರಿ, ಈಗ ಡಿಫೆನ್ಸ್ ರಿಪೇರಿ, ಅದರ ಹಿಂದಿನ ವರ್ಷ ಪಂಟ್ ಮತ್ತು ಕಿಕ್, ಅಂದರೆ ಚೆಂಡು ಒದೆಯುವವರು. ಒಂದು ಕಡೆ ಬಿಲ ಮುಚ್ಚಿದರೆ ಇನ್ನೊಂದು ಕಡೆ ಮಣ್ಣು ಮೇಲೆ ಬರುತ್ತದೆ.

ಎರಡು ವಾರದ ಹಿಂದೆ ಐರ್ಲೆಂಡಿನ ಡಬ್ಲಿನ್‌ನಲ್ಲಿ ಆಡಿದ ಆಟ ನೆನಪಿಸಿಕೊಳ್ಳಿ. ನಾರ್ತ್‌ವೆಸ್ಟರ್ನ್ ವಿರುದ್ಧ ಮೂರನೇ ಕ್ವಾರ್ಟರ್‌ನಲ್ಲಿ 28-17 ಮುಂದಿದ್ದೆವು. ಸುಮ್ನೆ ಚೆಂಡನ್ನು ದೂರ ಒದ್ದು ಕೊಟ್ಟಿದ್ದರೆ ಸಾಕಿತ್ತು. ಫ್ರಾಸ್ಟ್ ಆನ್‌ಸೈಡ್ ಕಿಕ್, ಅಂದರೆ ಚೆಂಡು ಮತ್ತೆ ನಮಗೇ ಸಿಗಲಿ ಅಂತ ಹತ್ತಿರಕ್ಕೇ ಒದೆಯುವುದನ್ನು, ಮಾಡಿಸಿದರು. ಚೆಂಡು ಅವರ ಕೈ ಸೇರಿತು, ಅವರು ಟಚ್‌ಡೌನ್ ಮಾಡಿದರು, ಕೊನೆಗೆ 31-28. ಅದು ಚಿನಾಂಡರ್ ತೀರ್ಮಾನ ಅಲ್ಲ. ಅದು ತನ್ನದೇ ತೀರ್ಮಾನ ಅಂತ ಫ್ರಾಸ್ಟ್ ಒಪ್ಪಿಕೊಂಡರು, ಅದು ಅವರ ದೊಡ್ಡತನ. ಆದರೆ ಆ ಕ್ಷಣದಲ್ಲಿ ಅವರಿಗೆ ಆಟ ಹೇಗೆ ಕಾಣುತ್ತದೆ ಅನ್ನುವುದೇ ನನ್ನ ಆತಂಕ. ಮುಂದಿರುವಾಗಲೂ ಹಿಂದಿರುವವರ ಹಾಗೆ ಆಡಿಸುತ್ತಾರೆ.

ಈಗ ಕೆಂಪು ಸ್ವೆಟರ್ ಅವರಿಗೆ. ಸಾರ್, 1997ರ ಬೂ ನೀವು ಹೇಳಿದ ಮೇಲೆ ನನಗೆ ಇನ್ನೂ ಗಟ್ಟಿಯಾಗಿ ಅನ್ನಿಸುತ್ತಿದೆ. ಮುಂದಿನ ಶನಿವಾರ ಒಕ್ಲಹೋಮಾ ಬರುತ್ತದೆ. 1971ರಲ್ಲಿ 35-31 ಗೆದ್ದೆವಲ್ಲ, ಶತಮಾನದ ಆಟ ಅಂತ ಕರೆಯುತ್ತಾರಲ್ಲ, ಅದೇ ಒಕ್ಲಹೋಮಾ. ಇಡೀ ದೇಶ ಟಿವಿಯಲ್ಲಿ ನೋಡುತ್ತದೆ. ಫ್ರಾಸ್ಟ್ ಟನಲ್‌ನಿಂದ ಹೊರಗೆ ಬರುತ್ತಾರೆ. ಅವರು ಹೋಗುವವರು ಅಂತ ಎಲ್ಲರಿಗೂ ಗೊತ್ತು. ಅವರಿಗೂ ಗೊತ್ತು. ಬೈಔಟ್ ಅರ್ಧ ಆಗಲಿ ಅಂತ ಮಾತ್ರ ಇಟ್ಟುಕೊಂಡಿದ್ದೇವೆ ಅಂತಲೂ ಗೊತ್ತು. 90 ಸಾವಿರ ಜನ ಮತ್ತೆ ಬೂ ಅನ್ನುತ್ತಾರೆ. ಈ ಮನೆಗೆ ಚಾಂಪಿಯನ್‌ಶಿಪ್ ತಂದ ಹುಡುಗನಿಗೆ ನಾವು ಅದನ್ನಾ ಮಾಡಬೇಕು? ಕಳಿಸುವುದೇ ಆದರೆ ಒಪ್ಪಂದದಲ್ಲಿ ಬರೆದಷ್ಟೂ ಕೊಟ್ಟು, ಕೈ ಕುಲುಕಿ, ಬಾಗಿಲವರೆಗೂ ಬಂದು ಕಳಿಸಬೇಕು. ಮನೆ ಮಗನನ್ನು ಡಿಸ್ಕೌಂಟ್ ತಾರೀಕು ನೋಡಿ ಕಳಿಸುವುದು ನನಗೆ ಸರಿ ಕಾಣುವುದಿಲ್ಲ.

ಹೊಸಬ · ರಾತ್ರಿ 1:18

ಆ 1.5 ಕೋಟಿ ಡಾಲರ್ ಯಾರ ಜೇಬಿನಿಂದ ಹೋಗುತ್ತದೆ? ನಮ್ಮ ತೆರಿಗೆ ಹಣನಾ?

ಲೆಕ್ಕದವನು · ರಾತ್ರಿ 1:26

ಇಲ್ಲ. ಇಲ್ಲಿನ ಅಥ್ಲೆಟಿಕ್ ವಿಭಾಗ ತನ್ನ ಖರ್ಚನ್ನು ತಾನೇ ನೋಡಿಕೊಳ್ಳುತ್ತದೆ. ಟಿಕೆಟ್, ಟಿವಿ ಹಣ, ದಾನಿಗಳು. ಬಿಗ್ ಟೆನ್ ಟಿವಿ ಒಪ್ಪಂದ ಕಳೆದ ತಿಂಗಳಷ್ಟೇ ಹೊಸದಾಗಿ ಆಗಿದೆ, ಹಣಕ್ಕೆ ಬರ ಇಲ್ಲ. ಆದರೂ ಅದೇ ಹಣದಲ್ಲಿ ವಾಲಿಬಾಲ್, ಕುಸ್ತಿ, ಜಿಮ್ನಾಸ್ಟಿಕ್ಸ್ ಎಲ್ಲ ನಡೆಯಬೇಕು ಅನ್ನುವುದನ್ನು ಮರೆಯಬಾರದು.

ಜೋಳದಹೊಲ ಅವರ ಮಾತು ಮನಸ್ಸಿಗೆ ತಾಗಿತು. ನನ್ನ ಲೆಕ್ಕದಲ್ಲಿ ಒಂದು ಸಾಲು ಬಿಟ್ಟಿದ್ದೆ. ಇವತ್ತು ಜಾರ್ಜಿಯಾ ಸದರ್ನ್ ಕೋಚ್ ಯಾರು? ಕ್ಲೇ ಹೆಲ್ಟನ್. ಹೋದ ಸೆಪ್ಟೆಂಬರ್‌ನಲ್ಲಿ ಎರಡೇ ಆಟಕ್ಕೆ ಯುಎಸ್‌ಸಿ, ಅಂದರೆ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಅವರನ್ನು ತೆಗೆದಿತ್ತು. ಬಹಳ ಜನ ಅವಸರ ಅಂದರು. ಆದರೆ ಬೇಗ ತೆಗೆದದ್ದರಿಂದ ಯುಎಸ್‌ಸಿಗೆ ಹುಡುಕಲು ಪೂರ್ತಿ ಎರಡು ತಿಂಗಳು ಸಿಕ್ಕಿತು. ನವೆಂಬರ್ ಕೊನೆಗೆ ಒಕ್ಲಹೋಮಾದಿಂದ ಕೋಚ್ ಲಿಂಕನ್ ರೈಲಿ ಅವರನ್ನೇ ಕರೆತಂದರು. ಹೆಲ್ಟನ್ ಅವರಿಗೂ ಹೊಸ ಮನೆ ಸಿಕ್ಕಿತು, ಇವತ್ತು ನಮ್ಮ ಮನೆಗೇ ಬಂದು ಗೆದ್ದರು. ಡಿಸೆಂಬರ್‌ನಲ್ಲಿ ಹೊಸ ಆಟಗಾರರು ಸಹಿ ಹಾಕುತ್ತಾರೆ. ಅಷ್ಟರಲ್ಲಿ ಹೊಸ ಕೋಚ್ ಬಂದು ಮನೆ ಮನೆಗೆ ಹೋಗಿ ಮಾತಾಡಬೇಕು. ಮೂರು ವಾರ ಅನ್ನುವುದು ಸಣ್ಣದಲ್ಲ.

ಆದರೂ 60 ಕೋಟಿ 60 ಕೋಟಿಯೇ. ನಾನು ಇನ್ನೂ ಪೂರ್ತಿ ಈ ಕಡೆ ಬಂದಿಲ್ಲ.

ಕೆಂಪು ಸ್ವೆಟರ್ · ರಾತ್ರಿ 1:52

ನಿದ್ದೆ ಬರಲಿಲ್ಲ. ಜೋಳದಹೊಲ ಬರೆದದ್ದನ್ನು ಎರಡು ಸಲ ಓದಿದೆ.

2018ರ ಏಪ್ರಿಲ್ ನೆನಪಾಯಿತು. ಫ್ರಾಸ್ಟ್ ಬಂದ ಮೇಲೆ ಮೊದಲ ಸ್ಪ್ರಿಂಗ್ ಗೇಮ್. ಅದು ಆಟವೂ ಅಲ್ಲ, ನಮ್ಮವರು ನಮ್ಮವರ ಜೊತೆಗೇ ಆಡುವ ಅಭ್ಯಾಸ. ಅದಕ್ಕೆ 86 ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು. ಸೆಂಟ್ರಲ್ ಫ್ಲೋರಿಡಾದಲ್ಲಿ ಕೋಚ್ ಆಗಿ 13-0 ಮಾಡಿ ಬಂದಿದ್ದ ಹುಡುಗ. ಅವನಿಗೆ ಇಪ್ಪತ್ತೆರಡು ವರ್ಷದವನಾಗಿದ್ದಾಗ ಬೂ ಅಂದ ಜನ ಅವತ್ತು ಎದ್ದು ನಿಂತು ಕೂಗಿದರು. ನನ್ನ ಹೆಂಡತಿ ಆಗ ಇದ್ದಳು. ನಮ್ಮ ಹಿಂದಿನ ಸಾಲಿನಲ್ಲಿ ಒಬ್ಬ ಗಂಡಸು ಅಳುತ್ತಿದ್ದ, ಅವಳೇ ಪರ್ಸಿನಿಂದ ಟಿಶ್ಯೂ ತೆಗೆದು ಕೊಟ್ಟಳು. ಇನ್ನೇನು ಎಲ್ಲಾ ಸರಿಹೋಗುತ್ತದೆ ಅಂತ ಎಲ್ಲರಿಗೂ ಅನ್ನಿಸಿತ್ತು.

ಆ ವರ್ಷ ಮೊದಲ ಆರು ಆಟ ಸೋತೆವು. ಆಗಲೂ ನಾನು ಕಾಯೋಣ ಅಂದೆ. 2019ರಲ್ಲಿ ಅಂದೆ. ಹೋದ ವರ್ಷ ಮಿಷಿಗನ್ ಸ್ಟೇಟ್ ವಿರುದ್ಧ ಪಂಟ್ ಮಾಡುವವನು ಒಂದು ಕಡೆ ಒದೆಯಬೇಕಾದ ಚೆಂಡನ್ನು ಇನ್ನೊಂದು ಕಡೆ ಒದ್ದು, ಅವರು ಅದನ್ನು ಹಿಡಿದು ನೇರ ಟಚ್‌ಡೌನ್‌ಗೆ ಓಡಿದರಲ್ಲ, ಅವತ್ತು ರಾತ್ರಿಯೂ ಅಂದೆ. ನಾನು ಕಾಯುತ್ತಿದ್ದದ್ದು ಕೋಚ್‌ಗೋ ಆ 1997ರ ಹುಡುಗನಿಗೋ ಅಂತ ಇವತ್ತು ನನಗೇ ಪ್ರಶ್ನೆ.

ಕಳಿಸಿ ಅಂತ ನನ್ನ ಬಾಯಲ್ಲಿ ಬರುವುದಿಲ್ಲ. ಕಳಿಸಿದರೆ ಬೇಡ ಅಂತಲೂ ಅನ್ನಲಾರೆ. ಇನ್ನು ಈ ವರ್ಷ ಸ್ಟೇಡಿಯಂಗೆ ಹೋಗುವ ಮನಸ್ಸಿಲ್ಲ.

ಈ ವರ್ಷದವಳು · ರಾತ್ರಿ 2:03

ಸಾರ್, ಹಾಗೆ ಹೇಳಬೇಡಿ. ಗೇಟಿನ ಮೇಲೆ ಬರೆದಿದೆಯಲ್ಲ, ಈ ಬಾಗಿಲಿಂದ ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಅಭಿಮಾನಿಗಳು ಹಾದುಹೋಗುತ್ತಾರೆ ಅಂತ. ನಿಮ್ಮಂಥವರು ಬರದಿದ್ದರೆ ನಮಗೆ ಹಳೆಯದನ್ನು ಹೇಳುವವರು ಯಾರು?

ಮಲ್ಲೇಶ್ವರದ ಬೆಳಗು · ಭಾನುವಾರ, 11 ಸೆಪ್ಟೆಂಬರ್

ಸುದ್ದಿ ಬಂತು. ತೆಗೆದರು. ನಿಮಗೆಲ್ಲ ಕಂಡಿತಾ?

ಜೋಳದಹೊಲ · ಭಾನುವಾರ

ಕಂಡಿತು. ಆಲ್ಬರ್ಟ್ಸ್ ಇವತ್ತೇ ತೀರ್ಮಾನ ಹೇಳಿದ್ದಾರೆ. 1.5 ಕೋಟಿಯೂ ಕೊಡುತ್ತಾರೆ, ಅಕ್ಟೋಬರ್‌ಗೆ ಕಾಯಲಿಲ್ಲ. ಉಳಿದ 9 ಆಟಕ್ಕೆ ಮಿಕಿ ಜೋಸೆಫ್ ಹಂಗಾಮಿ ಹೆಡ್ ಕೋಚ್. ಅವರೂ ಒಂದು ಕಾಲದಲ್ಲಿ ಇಲ್ಲಿನ ಕ್ವಾರ್ಟರ್‌ಬ್ಯಾಕ್. ನೆಬ್ರಾಸ್ಕಾ ಫುಟ್‌ಬಾಲ್‌ಗೆ ಮೊದಲ ಕಪ್ಪು ಹೆಡ್ ಕೋಚ್.

ನಾನು ಕೇಳಿದ್ದೇ ಆಯಿತು. ಆದರೆ ಸುದ್ದಿ ಓದಿದಾಗ ಖುಷಿ ಆಗಲಿಲ್ಲ. ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಹಿತ್ತಲಲ್ಲಿ ನಿಂತಿದ್ದೆ. ಪಕ್ಕದ ಮನೆಯವರು ಬೇಲಿಯಾಚೆ ಹುಲ್ಲು ಕತ್ತರಿಸುತ್ತಿದ್ದರು. ಮಷಿನ್ ನಿಲ್ಲಿಸಿ, ಕೇಳಿದೆಯಾ ಅಂದರು. ಹೂಂ ಅಂದೆ. ಮತ್ತೆ ಮಷಿನ್ ಶುರು ಮಾಡಿದರು.

ಲೆಕ್ಕದವನು · ಭಾನುವಾರ

ಆಲ್ಬರ್ಟ್ಸ್ ಕೂಡ ಇಲ್ಲೇ ಆಡಿದವರು, 1993ರಲ್ಲಿ ಡಿಫೆನ್ಸ್‌ನಲ್ಲಿ ಲೈನ್‌ಬ್ಯಾಕರ್. ಅವರಿಗೂ ಸುಲಭ ಇದ್ದಿರಲಿಕ್ಕಿಲ್ಲ. 60 ಕೋಟಿ ಬಿಟ್ಟುಕೊಟ್ಟು ತೀರ್ಮಾನ ಮಾಡಿದ್ದಾರೆ. ನಾನು ರಾತ್ರಿ ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಅವರು ಮಾಡಿದ್ದು ಸರಿ. ಈಗ ಹೊಸಬರನ್ನು ಹುಡುಕುವಾಗ 2003ರ ಹಾಗೆ ಮಾಡದಿದ್ದರೆ ಸಾಕು. ಹೆಸರು ನೋಡಬೇಡಿ. ಲೈನ್, ಅಂದರೆ ಮುಂದಿನ ಸಾಲಿನ ಆಟಗಾರರನ್ನು, ಗಟ್ಟಿಯಾಗಿ ಕಟ್ಟುವವರನ್ನು, ಹತ್ತಿರದ ಆಟ ಗೆಲ್ಲಿಸುವವರನ್ನು ತನ್ನಿ. ಇಲ್ಲಿ ಹುಟ್ಟಿದವರೇ ಆಗಬೇಕು ಅಂತ ಇಲ್ಲ.

ಕೊಲಂಬಸ್ ಕನ್ನಡತಿ · ಭಾನುವಾರ

ನಾನು ರಾತ್ರಿ ಬೇರೆ ಮಾತು ಹೇಳಿದ್ದೆ. ಈಗಲೂ ಅವಸರ ಅಂತಲೇ ಅನ್ನಿಸುತ್ತದೆ. ಆದರೆ ಹೀಗೆ ನೋವಿನಿಂದ ಕೋಚ್‌ನನ್ನು ಕಳಿಸುವ ಅಭಿಮಾನಿಗಳನ್ನು ನಾನು ಬೇರೆಲ್ಲೂ ನೋಡಿಲ್ಲ. ಶನಿವಾರ ನಿಮ್ಮ ಕಡೆಯೇ ಕೂಗುತ್ತೇನೆ.

ಜೋಳದಹೊಲ · ಭಾನುವಾರ

ಕೆಂಪು ಸ್ವೆಟರ್ ಸಾರ್, ಇಲ್ಲಿದ್ದೀರಾ? ಒಕ್ಲಹೋಮಾ ಆಟಕ್ಕೆ ನನ್ನ ಹತ್ತಿರ ಒಂದು ಟಿಕೆಟ್ ಜಾಸ್ತಿ ಇದೆ. ನನ್ನ ಪಕ್ಕದ ಸೀಟು. ಆ ರೈತರ ಹಿಂದಿನ ಸಾಲು. ಆಟ ಬೆಳಗ್ಗೆ 11ಕ್ಕೆ. ನಾನು 8ಕ್ಕೆಲ್ಲ ಉಪ್ಪಿಟ್ಟು ಮಾಡಿ ಡಬ್ಬಿಗೆ ಹಾಕಿಕೊಂಡು ಹೊರಡುತ್ತೇನೆ. ನಿಮ್ಮ ಮನೆ ದಾರಿಯಲ್ಲೇ ಸಿಗುತ್ತದಾ?

ಕೆಂಪು ಸ್ವೆಟರ್ · ಭಾನುವಾರ

ಸಿಗುತ್ತದೆ. ಎಂಟಕ್ಕೆ ಬೇಡ, ಏಳೂವರೆಗೆ ಬನ್ನಿ. ಕಾಫಿ ಕುಡಿದು ಹೋಗೋಣ. ಆ ರೈತರಿಗೂ ಒಂದು ಡಬ್ಬಿ ಹಾಕಿಕೊಳ್ಳಿ.